ತರಗತಿ ಕೋಣೆಯ ವ್ಯವಸ್ಥೆ

ತರಗತಿ ಕೋಣೆಯ ವ್ಯವಸ್ಥೆ ಎಂದರೆ ವಿದ್ಯಾರ್ಥಿಗಳ ಕಲಿಕೆಗೆ ಅನುಕೂಲವಾಗುವಂತೆ ಕೋಣೆಯೊಳಗಿನ ಆಸನ, ಕರಿಹಲಗೆ, ಓಡಾಟದ ದಾರಿ, ಕಲಿಕಾ ಸಾಮಗ್ರಿ, ಗೋಡೆ, ಬೆಳಕು ಮತ್ತು ಗಾಳಿಗಳನ್ನು ಯೋಜಿಸಿ ಹೊಂದಿಸುವ ಕ್ರಮ. ಕಟ್ಟಡದ ನಿರ್ಮಾಣವು ಶಿಲ್ಪಿ ಮತ್ತು ಎಂಜಿನಿಯರರ ಕೆಲಸವಾದರೆ, ಕಟ್ಟಿದ ಕೋಣೆಯನ್ನು ಕಲಿಕೆಯ ತಾಣವಾಗಿ ಮಾರ್ಪಡಿಸುವುದು ಶಿಕ್ಷಕರ ಕೆಲಸವಾಗಿದೆ. ಯಾವ ಮಗುವಿಗೆ ಕರಿಹಲಗೆ ಕಾಣುತ್ತದೆ, ಯಾರಿಗೆ ಶಿಕ್ಷಕರ ಮಾತು ಕೇಳಿಸುತ್ತದೆ, ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬ ಸಣ್ಣ ಸಂಗತಿಗಳು ಕಲಿಕೆಯ ಅವಕಾಶವನ್ನು ಹಂಚುವುದರಿಂದ ಈ ವಿಷಯಕ್ಕೆ ಶೈಕ್ಷಣಿಕ ಮಹತ್ವದ ಜೊತೆಗೆ ಸಾಮಾಜಿಕ ಮಹತ್ವವೂ ಇದೆ.

ಈ ಲೇಖನವು ವಿಷಯದ ಸಾಮಾನ್ಯ ತತ್ತ್ವಗಳನ್ನು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪ್ರದೇಶದ ಪರಿಸರಕ್ಕೆ ಹೊಂದಿಸಿ ವಿವರಿಸುತ್ತದೆ. ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ನಲಿ-ಕಲಿ ಪದ್ಧತಿಯನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಐತಿಹಾಸಿಕ ಹಿನ್ನೆಲೆ

ಈ ಪ್ರದೇಶಕ್ಕೆ ದೀರ್ಘವಾದ ವಿದ್ಯಾಪರಂಪರೆಯಿದೆ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಪ್ರಸಿದ್ಧವಾದ ಘಟಿಕಾಸ್ಥಾನವಿತ್ತು. ಅಲ್ಲಿ ದೊರೆತ 1058ರ ಶಾಸನವು ವೇದ ಹಾಗೂ ಶಾಸ್ತ್ರಗಳನ್ನು ಕಲಿಯುತ್ತಿದ್ದ ವಿದ್ಯಾರ್ಥಿಗಳನ್ನು, ಅವರಿಗೆ ಕಲಿಸುತ್ತಿದ್ದ ಉಪಾಧ್ಯಾಯರನ್ನು ಹೆಸರಿಸುವುದಲ್ಲದೆ, ಪುಸ್ತಕ ಭಂಡಾರವನ್ನು ನೋಡಿಕೊಳ್ಳುತ್ತಿದ್ದ 'ಸರಸ್ವತೀ ಭಂಡಾರಿಗ'ರನ್ನೂ ಉಲ್ಲೇಖಿಸುತ್ತದೆ. ಪಾಠಕ್ಕೆ ಒಂದು ಸ್ಥಳ, ಪುಸ್ತಕಕ್ಕೆ ಒಂದು ಸ್ಥಳ, ಅದನ್ನು ಕಾಯಲು ಜನ ಎಂಬ ವ್ಯವಸ್ಥೆ ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಇತ್ತೆಂಬುದಕ್ಕೆ ಇದು ಸಾಕ್ಷಿ. ಆದರೆ ಅದು ಎಲ್ಲ ಮಕ್ಕಳಿಗೂ ತೆರೆದ ಶಾಲೆಯಾಗಿರಲಿಲ್ಲ.

ಆಧುನಿಕ ಶಾಲೆಗಳು ಬರುವ ಮೊದಲು ಕನ್ನಡ ನಾಡಿನ ಹಳ್ಳಿಗಳಲ್ಲಿ ಕೂಲಿಮಠಗಳು ನಡೆಯುತ್ತಿದ್ದವು. ಗುಡಿಯ ಪೌಳಿ, ಮಠದ ಪಡಸಾಲೆ, ಊರಿನ ಚಾವಡಿ ಅಥವಾ ಅಯ್ಯನವರ ಮನೆಯ ಕಟ್ಟೆಯೇ ತರಗತಿಯಾಗಿತ್ತು. ಮಕ್ಕಳು ನೆಲದ ಮೇಲೆ ಕುಳಿತು ಮರಳಿನ ಮೇಲೆ ಅಕ್ಷರ ತೀಡುತ್ತಿದ್ದರು. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂರುತ್ತಿದ್ದುದರಿಂದ, ಮೊದಲೇ ಕಲಿತ ಮಗು ಹೊಸ ಮಗುವಿಗೆ ಹೇಳಿಕೊಡುವುದು ಸಹಜವಾಗಿತ್ತು. ಸಾಲಾಗಿ ಜೋಡಿಸಿದ ಬೆಂಚುಗಳು, ಎದುರಿಗೆ ಕರಿಹಲಗೆ, ಪಕ್ಕದಲ್ಲಿ ಶಿಕ್ಷಕರ ಮೇಜು ಎಂಬ ಇಂದಿನ ಪರಿಚಿತ ಚಿತ್ರವು ಭಾರತಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಯುರೋಪಿನ ಶಾಲಾ ಮಾದರಿಯಿಂದ ರೂಪುಗೊಂಡಿತು.

ಕಲಬುರಗಿ ಪ್ರದೇಶವು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. 1956ರಲ್ಲಿ ಈ ಪ್ರದೇಶವು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಶಿಕ್ಷಣದಲ್ಲಿ ಹಿಂದುಳಿದ ಪ್ರದೇಶವೆಂಬ ಕಾರಣಕ್ಕೆ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನ ದೊರೆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಎಂದು ಮರುನಾಮಕರಣ ಮಾಡಲಾಯಿತು.

ಜಗತ್ತಿನ ಇತರೆಡೆಯ ಪ್ರಯೋಗಗಳು

ಮಗುವಿನ ಅಳತೆಗೆ ತಕ್ಕ ಕೋಣೆಯ ಕಲ್ಪನೆಯನ್ನು ಪ್ರಚುರಪಡಿಸಿದವರಲ್ಲಿ ಇಟಲಿಯ ಮರಿಯಾ ಮಾಂಟೆಸೊರಿ ಪ್ರಮುಖರು. 1907ರಲ್ಲಿ ರೋಮ್ ನಗರದಲ್ಲಿ ಅವರು ತೆರೆದ 'ಮಕ್ಕಳ ಮನೆ'ಯಲ್ಲಿ ಮಕ್ಕಳೇ ಎತ್ತಿ ಸರಿಸಬಲ್ಲ ಹಗುರ ಪೀಠೋಪಕರಣ ಮತ್ತು ಮಕ್ಕಳ ಕೈಗೆಟಕುವ ತಗ್ಗಿನ ಕಪಾಟುಗಳು ಇದ್ದವು. ಭಾರತದಲ್ಲಿ ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಮರದ ನೆರಳಿನ ತರಗತಿಗಳನ್ನು ಆರಂಭಿಸಿದರು. ಗುಜರಾತಿನ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಮಗು ಕದಲದೆ ಕೂರಬೇಕೆಂಬ ನಿಯಮವನ್ನು ಈ ಮೂವರೂ ಒಪ್ಪಲಿಲ್ಲ.

ಪ್ರಾದೇಶಿಕ ಪರಿಸರ

ಹವಾಮಾನ: ಕಲಬುರಗಿ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಾಗುತ್ತದೆ. ಬಿಸಿಲಿನ ತೀವ್ರತೆಯ ಕಾರಣದಿಂದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ರೂಢಿಯಿದೆ. ತಗಡಿನ ಛಾವಣಿಯ ಕೋಣೆಗಳಲ್ಲಿ ಫೆಬ್ರವರಿ ಕೊನೆಯಿಂದಲೇ ಮಧ್ಯಾಹ್ನದ ಪಾಠ ಕಷ್ಟವಾಗುತ್ತದೆ.

ಕಲ್ಲು ಮತ್ತು ದೂಳು: ಈ ಭಾಗದ ನೆಲದಡಿಯಲ್ಲಿ ಸುಣ್ಣಕಲ್ಲಿನ ಪದರಗಳಿವೆ. ಶಹಾಬಾದ ಕಲ್ಲು ಅಥವಾ ಫರಸಿ ಎಂದು ಹೆಸರಾದ ಹಾಸುಗಲ್ಲು ಇಲ್ಲಿನ ಮನೆ, ಗುಡಿ, ಶಾಲೆಗಳ ನೆಲಕ್ಕೆ ಬಳಕೆಯಾಗುತ್ತದೆ ಮತ್ತು ಹೊರನಾಡುಗಳಿಗೂ ಹೋಗುತ್ತದೆ. ಅದೇ ಸುಣ್ಣಕಲ್ಲನ್ನು ಆಧರಿಸಿ ವಾಡಿ, ಸೇಡಂ ಮತ್ತು ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಬೆಳೆದಿವೆ. ಗಣಿ ಹಾಗೂ ಲಾರಿ ಸಂಚಾರದ ರಸ್ತೆಗೆ ಹತ್ತಿರವಿರುವ ಶಾಲೆಗಳಲ್ಲಿ ಕಿಟಕಿ ತೆರೆದರೆ ದೂಳು ಮತ್ತು ಸದ್ದು, ಮುಚ್ಚಿದರೆ ಸೆಕೆ ಎಂಬ ಇಕ್ಕಟ್ಟು ಉಂಟಾಗುತ್ತದೆ.

ಭಾಷೆ ಮತ್ತು ವಲಸೆ: ಮಕ್ಕಳ ಮನೆಮಾತು ಕನ್ನಡ, ದಖನಿ ಉರ್ದು, ಲಂಬಾಣಿ, ತೆಲುಗು ಅಥವಾ ಮರಾಠಿಯಾಗಿರಬಹುದು. ಚಿಂಚೋಳಿ ಮತ್ತು ಸೇಡಂ ತಾಲ್ಲೂಕುಗಳು ತೆಲಂಗಾಣದ ಗಡಿಗೆ ಹೊಂದಿಕೊಂಡಿವೆ. ವಾಡಿಯು ರೈಲ್ವೆ ಜಂಕ್ಷನ್ ಆಗಿರುವುದರಿಂದ ಬೇರೆ ಬೇರೆ ಪ್ರಾಂತಗಳ ಕುಟುಂಬಗಳು ಅಲ್ಲಿ ನೆಲೆಸಿವೆ. ತಾಂಡಾ ಮತ್ತು ಹಳ್ಳಿಗಳ ಅನೇಕ ಕುಟುಂಬಗಳು ಸುಗ್ಗಿಯ ನಂತರ ಮುಂಬಯಿ, ಪುಣೆ, ಹೈದರಾಬಾದ್ ಮುಂತಾದ ನಗರಗಳಿಗೆ ಗುಳೆ ಹೋಗುತ್ತವೆ. ಅವರ ಜೊತೆ ಹೋದ ಮಗು ಕೆಲವು ತಿಂಗಳು ಕಳೆದು ಹಿಂದಿರುಗಿದಾಗ ತರಗತಿಯು ಮುಂದೆ ಸಾಗಿರುತ್ತದೆ. ಅಂತಹ ಮಗು ಹಿಂದಿನ ಸಾಲಿನ ಮೂಲೆಯಲ್ಲಿ ಮೌನವಾಗಿ ಕುಳಿತು, ಕ್ರಮೇಣ ಶಾಲೆಯನ್ನೇ ಬಿಡುವ ಅಪಾಯವಿರುತ್ತದೆ.

ಕಾನೂನಿನ ಅಗತ್ಯಗಳು

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ, 2009 ಶಾಲೆಗೆ ಬೇಕಾದ ಕನಿಷ್ಠ ಸೌಕರ್ಯಗಳನ್ನು ತನ್ನ ಅನುಸೂಚಿಯಲ್ಲಿ ಪಟ್ಟಿಮಾಡಿದೆ. ಅವುಗಳಲ್ಲಿ ಮುಖ್ಯವಾದವು:

• ಎಲ್ಲ ಋತುಗಳಿಗೂ ಒಗ್ಗುವ ಕಟ್ಟಡ
• ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ತರಗತಿ ಕೋಣೆ
• ಅಡೆತಡೆಯಿಲ್ಲದ ಪ್ರವೇಶ
• ಹುಡುಗ ಹಾಗೂ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ
• ಸುರಕ್ಷಿತ ಕುಡಿಯುವ ನೀರು, ಅಡುಗೆಮನೆ ಮತ್ತು ಆಟದ ಮೈದಾನ
• ಆವರಣ ಗೋಡೆ ಅಥವಾ ಬೇಲಿ
• ಗ್ರಂಥಾಲಯ ಮತ್ತು ಪ್ರತಿ ತರಗತಿಗೆ ಕಲಿಕೋಪಕರಣಗಳು

ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು, 90 ಮಕ್ಕಳಿಗೆ ಮೂವರು ಶಿಕ್ಷಕರು ಇರಬೇಕೆಂದು ಅದೇ ಅನುಸೂಚಿ ಹೇಳುತ್ತದೆ. ಅಂದರೆ ಐದು ತರಗತಿಗಳಿರುವ ಸಣ್ಣ ಶಾಲೆಯಲ್ಲಿ ಕಾನೂನನ್ನು ಪೂರ್ಣವಾಗಿ ಪಾಲಿಸಿದರೂ ಶಿಕ್ಷಕರು ಇಬ್ಬರೇ ಇರಬಹುದು, ಕೋಣೆಗಳೂ ಎರಡೇ ಇರಬಹುದು. ಆದ್ದರಿಂದ ಹಲವು ತರಗತಿಗಳು ಒಂದೇ ಕೋಣೆಯಲ್ಲಿ ಕೂರುವ ಬಹುವರ್ಗ ಬೋಧನೆಯು ಗ್ರಾಮೀಣ ಶಾಲೆಯ ಸಾಮಾನ್ಯ ಸ್ಥಿತಿಯಾಗಿದೆ. ಕೋಣೆಯ ವ್ಯವಸ್ಥೆಯನ್ನು ಯೋಜಿಸುವಾಗ ಈ ಅಂಶವನ್ನು ಮೊದಲು ಗಮನಿಸಬೇಕಾಗುತ್ತದೆ.

ಆಸನ ವ್ಯವಸ್ಥೆಯ ವಿಧಗಳು

ಸಾಲು: ಎಲ್ಲ ಮಕ್ಕಳೂ ಕರಿಹಲಗೆಗೆ ಮುಖಮಾಡಿ ಕೂರುತ್ತಾರೆ. ಹೊಸ ವಿಷಯದ ವಿವರಣೆ, ಬರವಣಿಗೆ ಮತ್ತು ಪರೀಕ್ಷೆಗೆ ಇದು ಅನುಕೂಲ. ಬ್ರಿಟನ್ನಿನಲ್ಲಿ ಕೆವಿನ್ ವೆಲ್ಡಾಲ್ ಮತ್ತು ಸಹೋದ್ಯೋಗಿಗಳು 1980ರ ದಶಕದ ಆರಂಭದಲ್ಲಿ ನಡೆಸಿದ ಅಧ್ಯಯನದಲ್ಲಿ, ಒಬ್ಬೊಬ್ಬರೇ ಮಾಡಬೇಕಾದ ಕೆಲಸದಲ್ಲಿ ಗುಂಪಿಗಿಂತ ಸಾಲಿನಲ್ಲಿ ಕುಳಿತಾಗ ಮಕ್ಕಳ ಗಮನ ಹೆಚ್ಚಿತ್ತೆಂದು ಕಂಡುಬಂತು. ಇದರ ದೋಷವೆಂದರೆ ಶಿಕ್ಷಕರ ಪ್ರಶ್ನೆಗಳು ಮುಂದಿನ ಸಾಲು ಮತ್ತು ನಡುವಿನ ಮಕ್ಕಳ ಕಡೆಗೇ ಹರಿಯುವುದು. ಅಮೆರಿಕದ ಆಡಮ್ಸ್ ಮತ್ತು ಬಿಡಲ್ ಎಂಬ ಸಂಶೋಧಕರು 1970ರಲ್ಲಿ ಈ ಭಾಗವನ್ನು 'ಕ್ರಿಯಾವಲಯ'ವೆಂದು ಕರೆದರು. ಹಿಂಬದಿಯ ಮೂಲೆಗಳಲ್ಲಿರುವ ಮಕ್ಕಳು ಆ ವಲಯದಿಂದ ಹೊರಗೆ ಉಳಿಯುತ್ತಾರೆ.

ಗುಂಪು: ನಾಲ್ಕರಿಂದ ಆರು ಮಕ್ಕಳು ಪರಸ್ಪರ ಎದುರಾಗಿ ಕೂರುತ್ತಾರೆ. ಚರ್ಚೆ, ಲೆಕ್ಕದ ಆಟ, ಕಾರ್ಡು ಜೋಡಣೆ ಹಾಗೂ ಪ್ರಯೋಗಗಳಿಗೆ ಇದು ಸೂಕ್ತ. ಕರಿಹಲಗೆಗೆ ಬೆನ್ನಾಗುವ ಮಕ್ಕಳು ಬರೆದದ್ದನ್ನು ನೋಡಿ ತೆಗೆದುಕೊಳ್ಳಲು ತಿರುಗಬೇಕಾಗುವುದು ಇದರ ಮಿತಿ.

ಅರ್ಧವೃತ್ತ: ಮಕ್ಕಳು ಕುದುರೆಲಾಳದ ಆಕಾರದಲ್ಲಿ ಕೂರುತ್ತಾರೆ. ಶಿಕ್ಷಕರು ನಡುವೆ ಬಂದು ಪ್ರತಿಯೊಬ್ಬರ ಬಳಿಗೂ ಹೋಗಬಹುದು. ಇಪ್ಪತ್ತೈದಕ್ಕಿಂತ ಕಡಿಮೆ ಮಕ್ಕಳಿದ್ದಾಗ ಇದು ಹೆಚ್ಚು ಉಪಯುಕ್ತ.

ವೃತ್ತ: ಕಥೆ, ಹಾಡು ಮತ್ತು ಮುಕ್ತ ಮಾತುಕತೆಗೆ ಬಳಸುತ್ತಾರೆ. ವೃತ್ತದಲ್ಲಿ ಮುಂದಿನ ಸಾಲೆಂಬುದೂ ಇಲ್ಲ, ಹಿಂದಿನ ಸಾಲೆಂಬುದೂ ಇಲ್ಲ.

ಬೆನ್ನುಬೆನ್ನು: ಒಂದೇ ಕೋಣೆಯಲ್ಲಿ ಎರಡು ತರಗತಿಗಳಿದ್ದಾಗ ಒಂದು ತರಗತಿಯು ಒಂದು ಗೋಡೆಗೂ ಇನ್ನೊಂದು ಎದುರು ಗೋಡೆಗೂ ಮುಖಮಾಡಿ ಕೂರುತ್ತದೆ. ಎರಡು ಗೋಡೆಗಳಲ್ಲೂ ಕರಿಹಲಗೆ ಬೇಕು. ಒಂದು ತರಗತಿಗೆ ಬಾಯಿಪಾಠ ಅಥವಾ ವಿವರಣೆ ನಡೆಯುವಾಗ ಇನ್ನೊಂದಕ್ಕೆ ಬರವಣಿಗೆಯ ಕೆಲಸ ಕೊಟ್ಟರೆ ಸದ್ದಿನ ತೊಂದರೆ ಕಡಿಮೆಯಾಗುತ್ತದೆ.

ಇವುಗಳಲ್ಲಿ ಯಾವುದೂ ಎಲ್ಲ ಪಾಠಗಳಿಗೂ ಶ್ರೇಷ್ಠವಲ್ಲ. ಮಾಡಬೇಕಾದ ಕೆಲಸಕ್ಕೆ ತಕ್ಕಂತೆ ಆಸನ ಬದಲಾಗಬೇಕೆಂಬುದು ಶಿಕ್ಷಣ ತಜ್ಞರ ಸಾಮಾನ್ಯ ಅಭಿಪ್ರಾಯ. ಚಾಪೆ ಅಥವಾ ಜಮಖಾನೆಯ ಮೇಲೆ ನೆಲದಲ್ಲಿ ಕೂರುವ ಶಾಲೆಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಭಾರವಾದ ಬೆಂಚುಗಳನ್ನು ಎಳೆಯದೆ ಒಂದೆರಡು ನಿಮಿಷಗಳಲ್ಲಿ ಸಾಲನ್ನು ವೃತ್ತವಾಗಿಸಬಹುದು. ಆದರೆ ಬೆಳೆದ ಮಕ್ಕಳು ಬಹಳ ಹೊತ್ತು ನೆಲದಲ್ಲಿ ಬಾಗಿ ಬರೆದರೆ ಬೆನ್ನು ಮತ್ತು ಕುತ್ತಿಗೆಗೆ ಶ್ರಮವಾಗುತ್ತದೆ. ಅವರಿಗೆ ಬರೆಯುವ ಮಣೆ ಅಥವಾ ತಗ್ಗಿನ ಮೇಜು ಅಗತ್ಯ.

ನಲಿ-ಕಲಿ ಕೋಣೆ

ನಲಿ-ಕಲಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾಯಿತು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಬಹುವರ್ಗ ಬೋಧನೆಯನ್ನು ನೋಡಿಬಂದ ಸರ್ಕಾರಿ ಶಾಲಾ ಶಿಕ್ಷಕರು ಅದನ್ನು ಕನ್ನಡದ ಪರಿಸರಕ್ಕೆ ಹೊಂದಿಸಿ ರೂಪಿಸಿದರು. 2009-10ನೇ ಸಾಲಿನಲ್ಲಿ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕಿರಿಯ ತರಗತಿಗಳಿಗೆ ವಿಸ್ತರಿಸಲಾಯಿತು. ಕಲಬುರಗಿ ಜಿಲ್ಲೆಯ ತಾಲ್ಲೂಕುಗಳಿಗೂ ಇದು ಹೀಗೆಯೇ ತಲುಪಿತು.

ಈ ಪದ್ಧತಿಯಲ್ಲಿ ಕೋಣೆಯ ವ್ಯವಸ್ಥೆಯು ಬೋಧನೆಯ ಅವಿಭಾಜ್ಯ ಅಂಗವಾಗಿದೆ. ಅದರ ಮುಖ್ಯ ಭಾಗಗಳು ಹೀಗಿವೆ:

ಕಲಿಕಾ ಏಣಿ: ಕಲಿಯಬೇಕಾದ ಅಂಶಗಳನ್ನು ಮೈಲಿಗಲ್ಲುಗಳಾಗಿ ವಿಂಗಡಿಸಿ, ಮೆಟ್ಟಿಲುಗಳಂತೆ ತೋರಿಸುವ ಪಟ. ಇದನ್ನು ಮಕ್ಕಳಿಗೆ ಕಾಣುವಂತೆ ಗೋಡೆಯಲ್ಲಿ ತೂಗುಹಾಕುತ್ತಾರೆ. ಮಗು ತಾನು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ತಾನೇ ಗುರುತಿಸುತ್ತದೆ.

ಕಲಿಕಾ ಕಾರ್ಡುಗಳು: ಪ್ರತಿ ಮೆಟ್ಟಿಲಿಗೂ ಸಂಬಂಧಿಸಿದ ಕಾರ್ಡುಗಳನ್ನು ಪ್ರಾಣಿ, ಪಕ್ಷಿ ಮುಂತಾದ ಗುರುತುಚಿತ್ರಗಳ ಸಹಾಯದಿಂದ ವಿಂಗಡಿಸಿ, ಮಕ್ಕಳ ಕೈಗೆ ಎಟಕುವಂತೆ ಜೋಡಿಸಿಡುತ್ತಾರೆ. ಇನ್ನೂ ಓದಲು ಬಾರದ ಮಗುವೂ ಚಿತ್ರದಿಂದ ತನ್ನ ಕಾರ್ಡನ್ನು ಕಂಡುಕೊಳ್ಳಬಹುದು.

ತಟ್ಟೆಗಳು: ಮಕ್ಕಳು ವಯಸ್ಸು ಅಥವಾ ತರಗತಿಯ ಆಧಾರದ ಬದಲು ಬೇಕಾದ ನೆರವಿನ ಆಧಾರದ ಮೇಲೆ ಗುಂಪುಗಳಲ್ಲಿ ಕೂರುತ್ತಾರೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು, ಭಾಗಶಃ ನೆರವು ಬೇಕಾದವರು, ಸಹಪಾಠಿಗಳ ನೆರವಿನಿಂದ ಕಲಿಯುವವರು, ಸ್ವತಃ ಕಲಿಯುವವರು ಎಂಬ ವಿಂಗಡಣೆಯಿದೆ. ಗುಂಪು ಸ್ಥಿರವಲ್ಲ, ಮೆಟ್ಟಿಲು ಬದಲಾದಂತೆ ಮಗುವಿನ ಜಾಗವೂ ಬದಲಾಗುತ್ತದೆ.

ಮಕ್ಕಳ ಕರಿಹಲಗೆ: ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣ ಬಳಿದು ಮಕ್ಕಳಿಗೆ ಬರೆಯುವ ಜಾಗ ಕೊಡುತ್ತಾರೆ.

ಚಪ್ಪರ: ಕೋಣೆಯ ಮೇಲ್ಭಾಗದಲ್ಲಿ ಅಡ್ಡಡ್ಡಲಾಗಿ ಕಟ್ಟಿದ ದಾರಗಳಿಗೆ ಮಕ್ಕಳ ಚಿತ್ರ, ಬರಹ ಮತ್ತು ಕರಕುಶಲ ವಸ್ತುಗಳನ್ನು ತೂಗುಹಾಕುವ ವ್ಯವಸ್ಥೆ.

ಗುಳೆ ಹೋಗಿ ಬಂದ ಮಗುವಿನ ದೃಷ್ಟಿಯಿಂದ ಈ ವ್ಯವಸ್ಥೆಗೆ ವಿಶೇಷ ಅರ್ಥವಿದೆ. ಏಣಿಯಲ್ಲಿ ತಾನು ಬಿಟ್ಟುಹೋದ ಮೆಟ್ಟಿಲಿನಿಂದಲೇ ಅದು ಮತ್ತೆ ಆರಂಭಿಸಬಹುದು. ತರಗತಿ ಮುಂದೆ ಹೋಗಿದೆ ಎಂಬ ಕಾರಣಕ್ಕೆ ಮೂಲೆ ಸೇರಬೇಕಾಗಿಲ್ಲ. ಮೊದಲ ದಿನಗಳಲ್ಲಿ ಅದು ಶಿಕ್ಷಕರ ಪಕ್ಕದ ಗುಂಪಿನಲ್ಲಿ ಕೂರುವುದು ವಿಧಾನದ ಸಹಜ ಭಾಗವೇ ಆಗಿರುತ್ತದೆ, ಅವಮಾನವೆನಿಸುವುದಿಲ್ಲ.

ಪದ್ಧತಿಯ ಮಿತಿಗಳ ಬಗ್ಗೆಯೂ ಚರ್ಚೆ ನಡೆದಿದೆ. ಮಕ್ಕಳ ಸಂಖ್ಯೆ ಹೆಚ್ಚಾದಾಗ ಎಲ್ಲ ಗುಂಪುಗಳನ್ನು ನೋಡಿಕೊಳ್ಳುವುದು ಒಬ್ಬ ಶಿಕ್ಷಕರಿಗೆ ಕಷ್ಟ. ಕಾರ್ಡುಗಳು ಹರಿದಾಗ ಅಥವಾ ಕಳೆದಾಗ ಏಣಿಯ ಮೆಟ್ಟಿಲುಗಳೇ ತಪ್ಪಿದಂತಾಗುತ್ತದೆ. ಗುಂಪುಗಳಲ್ಲಿ ಕುಳಿತು ಕಲಿತ ಮಕ್ಕಳಿಗೆ ನಾಲ್ಕನೆಯ ತರಗತಿಯ ಸಾಲು ಮತ್ತು ಪಠ್ಯಪುಸ್ತಕ ಹೊಸದೆನಿಸುತ್ತವೆ.

ಗೋಡೆ ಮತ್ತು ನೆಲದ ಬಳಕೆ

ಕಟ್ಟಡವನ್ನೇ ಕಲಿಕೋಪಕರಣವಾಗಿ ಬಳಸುವ 'ಬಾಲಾ' ಎಂಬ ಪರಿಕಲ್ಪನೆಯನ್ನು ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಅವರ ವಿನ್ಯಾಸ್ ಸಂಸ್ಥೆಯವರು ರೂಪಿಸಿದರು. ಬಾಗಿಲು ತೆರೆಯುವ ಜಾಗದ ನೆಲದಲ್ಲಿ ಕೋನಗಳನ್ನು ಗುರುತಿಸುವುದು, ಕಿಟಕಿಯ ಸರಳುಗಳನ್ನು ಎಣಿಕೆಗೆ ಬಳಸುವುದು, ಕಂಬದ ಮೇಲೆ ಎತ್ತರದ ಅಳತೆ ಬರೆಯುವುದು ಇದರ ಸರಳ ಉದಾಹರಣೆಗಳು.

ಶಹಾಬಾದ ಕಲ್ಲು ಹಾಸಿದ ನೆಲವು ಇಂತಹ ಬಳಕೆಗೆ ಚೆನ್ನಾಗಿ ಒದಗುತ್ತದೆ. ಒಂದೇ ಅಳತೆಯ ಚೌಕಗಳಿರುವ ಫರಸಿಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಸುತ್ತಳತೆ, ವಿಸ್ತೀರ್ಣ, ಭಿನ್ನರಾಶಿ ಮತ್ತು ಮಗ್ಗಿಯನ್ನು ಕಲಿಸಬಹುದು. ಮೂರು ಸಾಲು, ಸಾಲಿಗೆ ನಾಲ್ಕು ಕಲ್ಲು ಎಣಿಸಿದ ಮಗುವಿಗೆ ಮೂರು ನಾಲ್ಕಲಿ ಹನ್ನೆರಡು ಎಂಬುದು ಕಣ್ಣಿಗೆ ಕಾಣುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ನೆಲ ಮುಂದಿನ ಪಾಠಕ್ಕೆ ಸಿದ್ಧ.

ಗೋಡೆಯ ತುಂಬ ಚಿತ್ರ ಬರೆದರೆ ಕಲಿಕೆ ಹೆಚ್ಚುತ್ತದೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತಿಯಾಗಿ ಅಲಂಕರಿಸಿದ ಕೋಣೆಯಲ್ಲಿ ಚಿಕ್ಕ ಮಕ್ಕಳ ಗಮನ ಹೆಚ್ಚು ಚದುರಿತು ಮತ್ತು ಕಲಿಕೆ ಕಡಿಮೆಯಾಯಿತು. ಇಂಗ್ಲೆಂಡಿನಲ್ಲಿ ಪೀಟರ್ ಬ್ಯಾರೆಟ್ ಅವರ ನೇತೃತ್ವದ ತಂಡವು 27 ಶಾಲೆಗಳ 153 ತರಗತಿ ಕೋಣೆಗಳನ್ನು ಪರಿಶೀಲಿಸಿ 2015ರಲ್ಲಿ ವರದಿ ನೀಡಿತು. ಮಕ್ಕಳ ವಾರ್ಷಿಕ ಕಲಿಕಾ ಪ್ರಗತಿಯಲ್ಲಿ ಕಂಡ ವ್ಯತ್ಯಾಸದ ಶೇ. 16ರಷ್ಟನ್ನು ಬೆಳಕು, ಉಷ್ಣಾಂಶ, ಗಾಳಿ, ಬಣ್ಣ ಮುಂತಾದ ಭೌತಿಕ ಅಂಶಗಳಿಂದ ವಿವರಿಸಬಹುದೆಂದು ಆ ವರದಿ ಹೇಳಿತು. ತೀರ ಬೋಳಾದ ಗೋಡೆಯಂತೆಯೇ ತೀರ ಗಿಜಿಗುಡುವ ಗೋಡೆಯೂ ಒಳ್ಳೆಯದಲ್ಲವೆಂಬುದು ಅದರ ಇನ್ನೊಂದು ತೀರ್ಮಾನ. ಈ ಅಧ್ಯಯನಗಳು ತಂಪು ದೇಶಗಳ ಶಾಲೆಗಳಲ್ಲಿ ನಡೆದವು ಎಂಬುದನ್ನು ನೆನಪಿನಲ್ಲಿಟ್ಟು ಅವುಗಳನ್ನು ಬಳಸಬೇಕು.

ಬೆಳಕು, ಗಾಳಿ ಮತ್ತು ದೂರ

ಕರಿಹಲಗೆಯ ಮೇಲೆ ಎದುರು ಕಿಟಕಿಯ ಬೆಳಕು ನೇರವಾಗಿ ಬಿದ್ದರೆ ಹೊಳಪು ಉಂಟಾಗಿ ಬದಿಯಲ್ಲಿ ಕುಳಿತವರಿಗೆ ಅಕ್ಷರ ಕಾಣುವುದಿಲ್ಲ. ಶಿಕ್ಷಕರು ಕೋಣೆಯ ನಾಲ್ಕು ಮೂಲೆಗಳಲ್ಲೂ ಮಗುವಿನ ಎತ್ತರಕ್ಕೆ ಕುಳಿತು ನೋಡುವುದರಿಂದ ಇದು ತಿಳಿಯುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಎಡಬದಿಯಿಂದ ಬೆಳಕು ಬಂದರೆ ಕೈಯ ನೆರಳು ಬರಹದ ಮೇಲೆ ಬೀಳದು. ಎಡಗೈಯವರಿಗೆ ಬಲಬದಿಯ ಬೆಳಕು ಒಳ್ಳೆಯದು. ಮೊದಲ ಸಾಲು ಕರಿಹಲಗೆಯಿಂದ ಸುಮಾರು ಎರಡು ಮೀಟರ್ ದೂರದಲ್ಲಿದ್ದರೆ ಕತ್ತೆತ್ತಿ ನೋಡುವ ಶ್ರಮ ತಪ್ಪುತ್ತದೆ.

ಸ್ಥಳದ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 20 ಅಡಿ ಉದ್ದ, 20 ಅಡಿ ಅಗಲದ ಕೋಣೆಯ ವಿಸ್ತೀರ್ಣ 400 ಚದರ ಅಡಿ. ಕರಿಹಲಗೆಯ ಮುಂದೆ 6 ಅಡಿ ಬಿಟ್ಟರೆ 280 ಚದರ ಅಡಿ ಉಳಿಯುತ್ತದೆ. 30 ಮಕ್ಕಳಿದ್ದರೆ ಪ್ರತಿ ಮಗುವಿಗೆ 9 ಚದರ ಅಡಿಗಿಂತ ಸ್ವಲ್ಪ ಹೆಚ್ಚು ದೊರೆಯುತ್ತದೆ. ಓಡಾಟದ ದಾರಿಯೂ ಇದರಲ್ಲೇ ಸೇರಿದೆ. ಅದೇ ಕೋಣೆಯಲ್ಲಿ 60 ಮಕ್ಕಳು ಕುಳಿತರೆ ಗುಂಪು ಚಟುವಟಿಕೆ ಅಸಾಧ್ಯವಾಗುತ್ತದೆ. ಬಳಕೆಯಿಲ್ಲದ ಕಪಾಟು, ಮುರಿದ ಬೆಂಚು, ಹಳೆಯ ಕಡತ ಮತ್ತು ಅಕ್ಕಿಯ ಚೀಲಗಳನ್ನು ಹೊರಗಿಡುವುದು ಹಣ ಖರ್ಚಿಲ್ಲದೆ ಜಾಗ ಪಡೆಯುವ ಮೊದಲ ದಾರಿ.

ಬಿಸಿಲು ಪ್ರದೇಶದಲ್ಲಿ ಎದುರುಬದುರು ಕಿಟಕಿಗಳನ್ನು ತೆರೆದು ಗಾಳಿ ಹಾಯುವಂತೆ ಮಾಡುವುದು, ಮಧ್ಯಾಹ್ನದ ನಂತರ ಪಶ್ಚಿಮದ ಗೋಡೆಯಿಂದ ಮಕ್ಕಳನ್ನು ದೂರ ಕೂರಿಸುವುದು, ಹೆಚ್ಚು ಗಮನ ಬೇಡುವ ಗಣಿತ ಮತ್ತು ಓದನ್ನು ಬೆಳಗಿನ ಅವಧಿಗೆ ಇಡುವುದು, ಛಾವಣಿಗೆ ಬಿಳಿ ಸುಣ್ಣ ಬಳಿಸುವುದು, ಬೇವಿನ ಮರದ ನೆರಳನ್ನು ಎರಡನೆಯ ತರಗತಿ ಕೋಣೆಯಂತೆ ಬಳಸುವುದು ಉಪಯುಕ್ತ ಕ್ರಮಗಳು. ದೂಳಿರುವ ಕಡೆ ರಸ್ತೆಯ ಬದಿಯ ಕಿಟಕಿಗಳನ್ನು ಮುಚ್ಚಿ ಅಂಗಳದ ಬದಿಯವನ್ನು ತೆರೆಯಬಹುದು. ಕಸ ಗುಡಿಸುವ ಮೊದಲು ನೀರು ಚಿಮುಕಿಸುವುದು ಹಳೆಯ, ಆದರೆ ಪರಿಣಾಮಕಾರಿ ಕ್ರಮ.

ಸಮಾನತೆ

ಯಾರು ಎಲ್ಲಿ ಕೂರಬೇಕೆಂಬ ಪ್ರಶ್ನೆಯು ಶಾಲೆಯಲ್ಲಿ ಎಂದೂ ಬರಿಯ ಅನುಕೂಲದ ಪ್ರಶ್ನೆಯಾಗಿರಲಿಲ್ಲ. ಅಸ್ಪೃಶ್ಯರೆಂದು ಕರೆಯಲಾದ ಸಮುದಾಯಗಳ ಮಕ್ಕಳನ್ನು ಕೋಣೆಯ ಹೊರಗೆ ಅಥವಾ ಪ್ರತ್ಯೇಕ ಮೂಲೆಯಲ್ಲಿ ಕೂರಿಸುತ್ತಿದ್ದ ಕಾಲವಿತ್ತು. ಡಾ. ಬಿ. ಆರ್. ಅಂಬೇಡ್ಕರ್ ಅವರು ತಮ್ಮ ಬಾಲ್ಯದಲ್ಲಿ ಶಾಲೆಗೆ ಗೋಣಿಪಟ್ಟೆಯೊಂದನ್ನು ತಾವೇ ಒಯ್ದು ಅದರ ಮೇಲೆ ಪ್ರತ್ಯೇಕವಾಗಿ ಕೂರಬೇಕಾಗಿದ್ದುದನ್ನು ದಾಖಲಿಸಿದ್ದಾರೆ. ಸಂವಿಧಾನದ 17ನೇ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಆದರೂ ಮಕ್ಕಳು ಕೇರಿ, ಓಣಿ, ತಾಂಡಾಗಳ ಗುಂಪುಗಳಾಗಿಯೇ ಕೂರುವ ಸಾಧ್ಯತೆಯಿರುವುದರಿಂದ ಆಸನಗಳನ್ನು ವಾರಕ್ಕೊಮ್ಮೆ ಸರದಿಯಂತೆ ಬದಲಾಯಿಸುವುದು ಅಪೇಕ್ಷಣೀಯ. ಸರದಿಯಿದ್ದಾಗ ಹಿಂದಿನ ಸಾಲು ಯಾರ ಸ್ವಂತವೂ ಆಗುವುದಿಲ್ಲ.

ಮಧ್ಯಾಹ್ನದ ಬಿಸಿಯೂಟದ ಪಂಕ್ತಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ರಾಜ್ಯದ ಅಕ್ಷರ ದಾಸೋಹ ಯೋಜನೆಯು 2002ರಲ್ಲಿ ಮೊದಲು ಆರಂಭವಾದದ್ದು ಕಲಬುರಗಿ ಸೇರಿದಂತೆ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ. ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ಊಟದಷ್ಟೇ ಪಾಠವೂ ಹೌದು.

ದೃಷ್ಟಿ ಅಥವಾ ಶ್ರವಣದ ಕೊರತೆಯಿರುವ ಮಕ್ಕಳು ಸರದಿಗೆ ಹೊರತಾಗಿ ಸದಾ ಮುಂದೆ ಕೂರಬೇಕು. ಗಾಲಿಕುರ್ಚಿ ಬಳಸುವ ಮಗುವಿಗೆ ಬಾಗಿಲಲ್ಲಿ ಇಳಿಜಾರು ದಾರಿ ಮತ್ತು ಕೋಣೆಯೊಳಗೆ ಕನಿಷ್ಠ ಮೂರು ಅಡಿ ಅಗಲದ ಹಾದಿ ಬೇಕು. ಮನೆಮಾತು ಬೇರೆಯಾಗಿರುವ ಮಗುವನ್ನು, ಅದೇ ಭಾಷೆಯ ಜೊತೆಗೆ ಕನ್ನಡವನ್ನೂ ಬಲ್ಲ ಸಹಪಾಠಿಯ ಪಕ್ಕದಲ್ಲಿ ಕೂರಿಸಿದರೆ ಅದಕ್ಕೆ ಪಾಠದ ಬಾಗಿಲು ತೆರೆಯುತ್ತದೆ. ಲಂಬಾಣಿ, ತೆಲುಗು ಅಥವಾ ಉರ್ದುವಿನ ಹೆಸರನ್ನೂ ಕನ್ನಡದ ಹೆಸರನ್ನೂ ಒಟ್ಟಿಗೆ ಬರೆದ ಚಿತ್ರಪಟಗಳು ಗೋಡೆಯ ಮೇಲಿದ್ದರೆ ಮಗುವಿಗೆ ಆ ಕೋಣೆಯು ತನ್ನದೂ ಹೌದೆಂದು ಅನಿಸುತ್ತದೆ.

ನಿರ್ವಹಣೆ

ಕರ್ನಾಟಕದಲ್ಲಿ 2001ರಿಂದ ಸರ್ಕಾರಿ ಶಾಲೆಗಳಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಪೋಷಕರೇ ಹೆಚ್ಚಾಗಿರುವ ಈ ಸಮಿತಿಯು ಸೋರುವ ಛಾವಣಿ, ಮುರಿದ ಕಿಟಕಿ, ಮಸುಕಾದ ಕರಿಹಲಗೆಗಳ ದುರಸ್ತಿಯನ್ನು ಕೈಗೆತ್ತಿಕೊಳ್ಳಬಹುದು. ದೈನಂದಿನ ವ್ಯವಸ್ಥೆಯಲ್ಲಿ ಮಕ್ಕಳಿಗೂ ಪಾಲಿರಬೇಕು. ಕಾರ್ಡುಗಳನ್ನು ಸ್ವಸ್ಥಾನಕ್ಕೆ ಸೇರಿಸುವುದು, ಜಮಖಾನೆ ಹಾಸುವುದು ಮತ್ತು ಮಡಿಸುವುದು, ಓದುವ ಮೂಲೆಯ ಪುಸ್ತಕಗಳ ಲೆಕ್ಕವಿಡುವುದು ಸರದಿಯಂತೆ ಎಲ್ಲ ಮಕ್ಕಳಿಗೂ, ಹುಡುಗ ಹುಡುಗಿಯರೆಂಬ ಭೇದವಿಲ್ಲದೆ ಹಂಚಿಕೆಯಾಗಬೇಕು.

ಹೊಸ ಕೋಣೆಗಳ ಕೊರತೆಯನ್ನು ಆಸನ ವ್ಯವಸ್ಥೆಯೊಂದೇ ನೀಗಿಸಲಾರದು. ಕೋಣೆ, ಶಿಕ್ಷಕರು ಮತ್ತು ಸೌಕರ್ಯಗಳನ್ನು ಒದಗಿಸುವುದು ಸರ್ಕಾರದ ಹೊಣೆ. ಆದರೆ ಇರುವ ಕೋಣೆಯಲ್ಲಿ ಯಾವ ಮಗುವೂ ಕಾಣದ, ಕೇಳದ ಮೂಲೆಗೆ ಸರಿಯದಂತೆ ನೋಡಿಕೊಳ್ಳುವುದು ದಿನನಿತ್ಯದ ವ್ಯವಸ್ಥೆಯಿಂದಲೇ ಸಾಧ್ಯವಾಗುತ್ತದೆ.